ಎಕ್ಸೆಲ್‌ನಲ್ಲಿ ಕನ್ನಡ ಹೆಸರು ಕೆಟ್ಟು ಬಂದರೆ ಮೊದಲು ಆ ಪುಟ್ಟ 2 ಹುಡುಕಿ

ಪೈಥಾನ್‌ನಲ್ಲಿ ಬರೆದ ಸಿಎಸ್‌ವಿ ಫೈಲ್ (ಕಾಲಮ್ಮುಗಳ ನಡುವೆ ಅಲ್ಪವಿರಾಮ ಇರುವ ಸಾದಾ ಪಟ್ಟಿ) ನೋಟ್‌ಪ್ಯಾಡ್‌ನಲ್ಲಿ ಸರಿಯಾಗಿದೆ, ಎಕ್ಸೆಲ್‌ನಲ್ಲಿ ತೆರೆದರೆ ಮಾತ್ರ ಕನ್ನಡ ಮಾಯ ಅಂತ ಕೇಳಿದ್ದೀರಿ. ನಿಮ್ಮ ಡೇಟಾ ಹಾಳಾಗಿಲ್ಲ, ಗಾಬರಿ ಬೇಡ. ಆದರೆ ಅದನ್ನು ಎಕ್ಸೆಲ್‌ನಲ್ಲಿ ಹಾಗೇ ಸೇವ್ ಮಾಡಬೇಡಿ. ಆಗ ನಿಜವಾಗಿಯೂ ಹಾಳಾಗಬಹುದು.

ಗಂಗಾವತಿಯ ಒಂದು ರೈಸ್ ಮಿಲ್‌ಗೆ ಭತ್ತದ ತೂಕದ ಪಟ್ಟಿ ತೆಗೆಯುವ ಸ್ಕ್ರಿಪ್ಟ್ ಬರೆದುಕೊಟ್ಟಿದ್ದೆ. ಮೊದಲ ದಿನವೇ ಗುಮಾಸ್ತರ ಫೋನ್: "ಸರ್, ರೈತರ ಹೆಸರಿನ ಜಾಗದಾಗ ಬರೀ ಸಣ್ಣ 2, 3 ಅದಾವ ನೋಡ್ರಿ." ಅವರು ಹೇಳಿದ ಆ 2, 3ರಲ್ಲೇ ಉತ್ತರ ಇತ್ತು.

ಯುಟಿಎಫ್-8 ಅಂದರೆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬೈಟ್‌ಗಳಾಗಿ ಬರೆದಿಡುವ ಒಂದು ಪದ್ಧತಿ. ಅದರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ 3 ಬೈಟ್ ಬೇಕು. 'ಗಂಗಾವತಿ'ಯಲ್ಲಿ ಇಂಥವು 7, ಅಂದರೆ 21 ಬೈಟ್. ಫೈಲ್ ಯುಟಿಎಫ್-8 ಅಂತ ಗೊತ್ತಾಗದಿದ್ದಾಗ ಎಕ್ಸೆಲ್ ಒಂದೊಂದು ಬೈಟನ್ನೂ ಇಂಗ್ಲಿಷ್‌ನಂಥ ಭಾಷೆಗಳಿಗೆ ಮಾಡಿದ ಹಳೇ ಪಟ್ಟಿಯ ಒಂದೊಂದು ಅಕ್ಷರವಾಗಿ ಓದುತ್ತದೆ. ಮೊದಲ ಬೈಟ್ ತಲೆ ಮೇಲೆ ಗೀಟು ಇರುವ ಇಂಗ್ಲಿಷ್ 'ಎ' (à) ಆಗುತ್ತದೆ, ಎರಡನೆಯದು ಮೇಲೆ ಕೂತ ಪುಟ್ಟ 2 ಅಥವಾ 3. ನಿಮ್ಮಲ್ಲೂ ಇದೇ ಜೋಡಿ ಸಾಲುಸಾಲಾಗಿ ಇದ್ದರೆ ಕಾಯಿಲೆ ಇದೇ. ಅದು ಬಿಟ್ಟು ಮಾಮೂಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಹಳೇ ನುಡಿ ಫಾಂಟಿನ ಡೇಟಾ ಇರಬಹುದು. ಅದಕ್ಕೆ ಯೂನಿಕೋಡ್ ಪರಿವರ್ತಕವೇ ಬೇಕು.

ಮದ್ದು ಒಂದೇ ಪದ. ಪೈಥಾನ್‌ನಲ್ಲಿ ಬರೆಯಲು ಫೈಲ್ ಓಪನ್ ಮಾಡುವಾಗ ಎನ್‌ಕೋಡಿಂಗ್ ಜಾಗದಲ್ಲಿ ಬರೀ ಯುಟಿಎಫ್-8 ಬದಲು 'ಯುಟಿಎಫ್-8-ಸಿಗ್' ಕೊಡಿ. ಕೊನೆಯ ಮೂರು ಅಕ್ಷರ ಎಸ್, ಐ, ಜಿ. ಇದು ಫೈಲಿನ ಶುರುವಿನಲ್ಲಿ ಇಎಫ್, ಬಿಬಿ, ಬಿಎಫ್ ಅನ್ನೋ 3 ಬೈಟ್ ಹಾಕುತ್ತದೆ. ಅದನ್ನು ನೋಡಿ ಎಕ್ಸೆಲ್ ಸರಿಯಾಗಿ ಓದುತ್ತದೆ. ಅದೇ ಫೈಲನ್ನು ಮತ್ತೆ ಪೈಥಾನ್‌ನಲ್ಲಿ ಓದುವಾಗಲೂ ಇದನ್ನೇ ಕೊಡಿ. ಇಲ್ಲದಿದ್ದರೆ ಮೊದಲ ಕಾಲಮ್ಮಿನ ಹೆಸರಿಗೆ ಕಣ್ಣಿಗೆ ಕಾಣದ ಒಂದು ಗುರುತು ಅಂಟಿಕೊಂಡು, 'ಕೀ ಸಿಗಲಿಲ್ಲ' ಅಂತ ಎರರ್ ಬರುತ್ತದೆ. ನಾನು ಅದಕ್ಕೇ ಒಂದು ಸಂಜೆ ಕಳೆದಿದ್ದೇನೆ.

ಈಗಾಗಲೇ ಆಗಿರುವ ಫೈಲ್‌ಗಳಿಗೆ ಸ್ಕ್ರಿಪ್ಟ್ ಮತ್ತೆ ಓಡಿಸಬೇಕಿಲ್ಲ. ಎಕ್ಸೆಲ್‌ನ ಡೇಟಾ ಟ್ಯಾಬ್‌ನಲ್ಲಿ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ಒತ್ತಿ, ಫೈಲ್ ಒರಿಜಿನ್‌ನಲ್ಲಿ 65001 ಆರಿಸಿ, ಅದು ಯುಟಿಎಫ್-8ರ ನಂಬರ್. ಪಟ್ಟಿಯಲ್ಲಿ ಬ್ಯಾಂಕ್ ಖಾತೆ ನಂಬರ್ ಇದ್ದರೆ ದಯವಿಟ್ಟು ಯಾವಾಗಲೂ ಈ ದಾರಿಯಲ್ಲೇ ತೆರೆದು, ಆ ಕಾಲಮ್ಮನ್ನು ಟೆಕ್ಸ್ಟ್ ಮಾಡಿ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸುತ್ತದೆ, 16ನೆಯದು ಸೊನ್ನೆ ಆಗುತ್ತದೆ. ಶುರುವಿನ ಸೊನ್ನೆಗಳೂ ಹೋಗುತ್ತವೆ. ಹೆಸರು ಕೆಟ್ಟರೆ ಎಲ್ಲರಿಗೂ ಕಾಣುತ್ತದೆ, ಖಾತೆ ನಂಬರ್ ಕೆಟ್ಟರೆ ರೈತರಿಗೆ ದುಡ್ಡು ಬರದಿದ್ದಾಗಲೇ ಗೊತ್ತಾಗೋದು.