ಐದು ಗಂಟೆಗೆ ಏಳುವ ಹಟ ಬಿಡಿ

ರುಮಟಾಯ್ಡ್ ಸಂಧಿವಾತ ಇರುವುದು ಆರು ತಿಂಗಳ ಹಿಂದೆ ತಿಳಿಯಿತು, ಬರುವ ಸೋಮವಾರದಿಂದ ನಸುಕಿನ ಐದಕ್ಕೆದ್ದು ಯೋಗ, ಕಷಾಯ, ಪಥ್ಯ ಎಲ್ಲವನ್ನೂ ಆರಂಭಿಸುವೆ, ಈ ದಿನಚರಿಗೆ ಇನ್ನೇನು ಸೇರಿಸಲಿ ಎಂದು ಕೇಳಿದ್ದೀರಿ. ಏನನ್ನೂ ಸೇರಿಸಬೇಡಿ. 2018ರ ಯುಗಾದಿಯಂದು ನಾನೂ ಇದೇ ಕೆಲಸ ಮಾಡಿದ್ದೆ.

ನಾನು ಸಿಂಧನೂರಿನವಳು. ಆ ವರ್ಷ ಸಂಕ್ರಾಂತಿಯ ವಾರದಲ್ಲಿ ರಾಯಚೂರಿನ ವೈದ್ಯರು ನನಗೂ ಇದೇ ಕಾಯಿಲೆಗೆ ಮೆಥೋಟ್ರೆಕ್ಸೇಟ್ ಬರೆದುಕೊಟ್ಟಿದ್ದರು. ವಾರಕ್ಕೊಮ್ಮೆ ಮಾತ್ರ ನುಂಗಬೇಕಾದ ಮಾತ್ರೆ ಅದು. ಎರಡು ತಿಂಗಳು ಕಳೆದರೂ ಬೆಳಗಿನ ಬಿಗಿತ ಒಂದೂವರೆ ತಾಸು ಬಿಡುತ್ತಿರಲಿಲ್ಲವಾದ್ದರಿಂದ ಬೇಸತ್ತು, ಹಬ್ಬದ ದಿನವೇ ನಸುಕಿನ ಯೋಗ, ಅರಿಶಿನದ ಹಾಲು, ಹರಳೆಣ್ಣೆಯ ತಿಕ್ಕಾಟ, ಸಂಜೆಯ ನಡಿಗೆಗಳನ್ನು ಒಟ್ಟಿಗೇ ಹಿಡಿದೆ. ಬದನೆಕಾಯಿ, ಹುಣಸೆಹಣ್ಣುಗಳನ್ನು ಒಟ್ಟಿಗೇ ಬಿಟ್ಟೆ. ಮೂರು ವಾರದಲ್ಲಿ ಬೆರಳುಗಳು ಮಡಚತೊಡಗಿದವು. ಎಷ್ಟೋ ತಿಂಗಳ ಮೇಲೆ ಎರಡೂ ಕೈಯಿಂದ ಜೋಳದ ರೊಟ್ಟಿ ಬಡಿದೆ. ಅತ್ತೆಯವರು ಹರಳೆಣ್ಣೆಯ ಗುಣವೆಂದರು, ನಾನು ಬದನೆಕಾಯಿ ಬಿಟ್ಟದ್ದರ ಫಲವೆಂದೆ. ಮಾತ್ರೆಯ ಹೆಸರನ್ನು ಯಾರೂ ಎತ್ತಲಿಲ್ಲ.

ನಾನು ಎಡವಿದ್ದು ಇಲ್ಲಿಯೇ. ಆ ಮಾತ್ರೆಯ ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ನನ್ನ ಬೆರಳು ಮಡಚಿದ್ದು ಸರಿಯಾಗಿ ಹನ್ನೆರಡನೆಯ ವಾರದಲ್ಲಿ ಎಂಬುದನ್ನು ಕ್ಯಾಲೆಂಡರ್ ಹಿಡಿದು ಎಣಿಸಿದ್ದು ಬಹಳ ತಡವಾಗಿ. ಇಷ್ಟೆಲ್ಲವನ್ನೂ ಒಂದೇ ದಿನ ಬದಲಿಸಿದ್ದರಿಂದ ಯಾವುದರಿಂದ ಗುಣವಾಯಿತೆಂದು ತಿಳಿಯುವ ದಾರಿಯೇ ನನಗಿರಲಿಲ್ಲ. ಮಾತ್ರೆ ನುಂಗಿದ ಮರುದಿನ ಹೊಟ್ಟೆ ತೊಳಸುತ್ತಿತ್ತು. ಅದೇ ನೆಪವಾಗಿ ಮೇ ತಿಂಗಳಲ್ಲಿ ಯಾರನ್ನೂ ಕೇಳದೆ ನಿಲ್ಲಿಸಿಬಿಟ್ಟೆ. ಕೆಲವು ವಾರ ಏನೂ ಆಗಲಿಲ್ಲ, ಅದರಿಂದ ನನ್ನ ಧೈರ್ಯ ಇನ್ನಷ್ಟು ಹೆಚ್ಚಿತು. ನಾಗರ ಪಂಚಮಿಗೆ ಉಂಡಿ ಕಟ್ಟಲು ಕುಳಿತಾಗ ಬಿಸಿ ಪಾಕದ ಶೇಂಗಾ ಅಂಗೈಯಲ್ಲಿತ್ತು, ಬೆರಳು ಅದರ ಸುತ್ತ ಮುಚ್ಚಲೇ ಇಲ್ಲ. ಎಡಗೈ ನಡುಬೆರಳಿನ ಗೆಣ್ಣು ಇಂದಿಗೂ ನೆಟ್ಟಗಾಗುವುದಿಲ್ಲ.

ಮತ್ತೆ ಮಾತ್ರೆ ಆರಂಭಿಸಿ, ಕಾಯಿಲೆ ಹಿಡಿತಕ್ಕೆ ಬಂದ ಮೇಲೆ ಒಂದೊಂದನ್ನೇ ಪರೀಕ್ಷಿಸಿದೆ. ಎದ್ದ ಎಷ್ಟು ನಿಮಿಷಕ್ಕೆ ಸೆರಗಿನ ಪಿನ್ ಹಾಕಲಾಯಿತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೆಯುತ್ತ, ಒಂದು ಬದಲಾವಣೆಗೆ ಮೂರು ವಾರ ಕೊಟ್ಟೆ. ಬದನೆಕಾಯಿ ಮತ್ತೆ ತಿಂದರೂ ಅಂಕಿ ಅಲ್ಲಾಡಲಿಲ್ಲ. ಎಣ್ಣೆಗಾಯಿ ಇಲ್ಲದೆ ವೃಥಾ ಆರು ತಿಂಗಳು ಕಳೆದಿದ್ದೆ! ನಸುಕಿನ ಯೋಗ ಮಾಡಿದ ವಾರಗಳಲ್ಲಂತೂ ಪಿನ್ನಿಗೆ ಇನ್ನೂ ಹೆಚ್ಚು ಹೊತ್ತು ಬೇಕಾಯಿತು. ಈ ಕಾಯಿಲೆಯಲ್ಲಿ ಕೀಲು ಅತ್ಯಂತ ಬಿಗಿಯಾಗಿರುವುದೇ ಆ ಹೊತ್ತಿನಲ್ಲಿ. ಬ್ರಾಹ್ಮೀ ಮುಹೂರ್ತದ ಹೊಗಳಿಕೆ ಆರೋಗ್ಯವಂತರಿಗಿರಲಿ. ಈಗ ಎದ್ದೊಡನೆ ಹತ್ತು ನಿಮಿಷ ಬಿಸಿನೀರಿನ ಬೋಗುಣಿಯಲ್ಲಿ ಕೈ ಇಡುತ್ತೇನೆ, ವ್ಯಾಯಾಮವನ್ನು ಸಂಜೆಗೆ ಹಾಕಿಕೊಂಡಿದ್ದೇನೆ; ನಮ್ಮ ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವುದರಿಂದ ಹೊತ್ತು ಮುಳುಗದೆ ಹೊರಗೆ ಕಾಲಿಡುವುದಿಲ್ಲ. ಕೈ ಹಗುರವಾದ ದಿನವೂ ಆರು ರೊಟ್ಟಿಗೆ ನಿಲ್ಲಿಸುತ್ತೇನೆ, ಉಳಿದದ್ದಕ್ಕೆ ಅಂಗಡಿಯ ಕಡಕ್ ರೊಟ್ಟಿ ಇದೆ. ಹಿಂದೆ ಅಂಥ ದಿನ ಶಾವಿಗೆ ಹೊಸೆಯಲು ಕುಳಿತು ಮೂರು ದಿನ ಮಲಗಿದವಳು ನಾನು.

ಆದ್ದರಿಂದ ಸೋಮವಾರ ಏನನ್ನೂ ಆರಂಭಿಸಬೇಡಿ, ಎರಡು ವಾರ ಬೆಳಗಿನ ಬಿಗಿತ ಎಷ್ಟು ಹೊತ್ತಿತ್ತೆಂದು ಬರೀ ಬರೆದಿಡಿ. ಕಷಾಯದಲ್ಲಿ ಯಾವ ಬೇರು, ಯಾವ ಪುಡಿ ಇದೆಯೆಂದು ವೈದ್ಯರಿಗೆ ಹೇಳದೆ ಕುಡಿಯಲೇಬೇಡಿ. ಏಕೆಂದರೆ ಮೆಥೋಟ್ರೆಕ್ಸೇಟ್ ಯಕೃತ್ತಿಗೆ ತೊಂದರೆಯಾಗಿದೆಯೇ ಎಂದು ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕಾದ ಮಾತ್ರೆ. ನಿಮಗೂ ಇದೇ ಮಾತ್ರೆ ಕೊಟ್ಟಿದ್ದರೆ ಅದನ್ನು ನುಂಗುವ ದಿನವನ್ನು ಕೆಂಪು ಶಾಯಿಯಲ್ಲಿ ಗುರುತಿಸಿ ಮನೆಯವರಿಗೂ ತಿಳಿಸಿ, ಏಕೆಂದರೆ ಮರೆತು ದಿನವೂ ನುಂಗಿದರೆ ಜೀವಕ್ಕೇ ಅಪಾಯ. ನನ್ನದು ಭಾನುವಾರ, ರಾತ್ರಿ ಊಟದ ನಂತರ.