ದೇವರು ಬೇಕೆನಿಸದಿರುವ ಸಂಕಟ

ಪ್ರಶ್ನೆ: ನನಗೆ 36 ವರ್ಷ. ಚಿಕ್ಕಂದಿನಿಂದ ಕ್ರೈಸ್ತ ಸಭೆಯಲ್ಲೇ ಬೆಳೆದವಳು. ಬಹಳ ವರ್ಷಗಳಿಂದ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಹೊರಗಿನಿಂದ ನೋಡುವವರಿಗೆ ನನ್ನ ಭಕ್ತಿಯಲ್ಲಿ ಕೊರತೆ ಕಾಣದು. ಆದರೆ ನಿಜ ಹೇಳಬೇಕೆಂದರೆ, ನನಗೆ ದೇವರು ಬೇಕೆನಿಸುವುದೇ ಇಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಗಂಟೆಯಾಗುವವರೆಗೂ ಮೊಬೈಲಿನಲ್ಲಿ ಧಾರಾವಾಹಿ ನೋಡುತ್ತೇನೆ; ಪ್ರಾರ್ಥನೆಗೆ ಕುಳಿತರೆ ಐದೇ ನಿಮಿಷಕ್ಕೆ ಆಕಳಿಕೆ ಬರುತ್ತದೆ. ಜೊತೆಯಲ್ಲಿ ಕೆಲಸ ಮಾಡುವವರ ಬಡ್ತಿ, ಹೊಸ ಮನೆ ಕಂಡರೆ ಮನಸ್ಸು ದಿನವಿಡೀ ಅಲ್ಲೇ ಸುತ್ತುತ್ತದೆ. ಇತ್ತೀಚೆಗೆ ಮಕ್ಕಳಿಗೆ ಬೈಬಲಿನ 73ನೆಯ ಕೀರ್ತನೆಯ 25ನೆಯ ವಚನವನ್ನು ಬಾಯಿಪಾಠ ಮಾಡಿಸುವಾಗ, ಇಹಲೋಕದಲ್ಲಿ ದೇವರನ್ನಲ್ಲದೆ ಬೇರೆ ಯಾರನ್ನೂ ಬಯಸೆನು ಎಂಬ ಮಾತಿಗೆ ನನ್ನ ಗಂಟಲು ಕಟ್ಟಿತು. ಮಕ್ಕಳ ಮುಂದೆ ಸುಳ್ಳು ಹೇಳುತ್ತಿದ್ದೇನೆ ಅನ್ನಿಸಿತು. ಸಭೆಯ ಹಿರಿಯರೊಬ್ಬರಲ್ಲಿ ಹೇಳಿಕೊಂಡಾಗ, ಸಂಗೀತವೂ ಸೇರಿದಂತೆ ಮನಸ್ಸಿಗೆ ಇಷ್ಟವಾದದ್ದನ್ನೆಲ್ಲ ಬಿಟ್ಟುಬಿಡು ಎಂದರು. ನಾನು ನಿಜವಾಗಿಯೂ ವಿಶ್ವಾಸಿಯೇ? ಪಾಠ ಹೇಳುವುದನ್ನು ನಿಲ್ಲಿಸಿಬಿಡಲೇ?
ಹೆಸರು ಬೇಡ

ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಪಾಠ ಹೇಳುವುದನ್ನು ಈಗ ನಿಲ್ಲಿಸಬೇಡಿ. ಮನಸ್ಸು ಬರಡಾಗಿರುವ ಹೊತ್ತಿನಲ್ಲಿ, ತಿಳಿಯಾದ ಮನಸ್ಸಿನಿಂದ ಹಿಂದೆ ಕೈಗೊಂಡ ನಿರ್ಧಾರಗಳನ್ನು ಬದಲಾಯಿಸಬಾರದು ಎಂಬುದು ಆತ್ಮಿಕ ಜೀವನದಲ್ಲಿ ಇತರರಿಗೆ ದಾರಿ ತೋರಿಸಿದವರು ನೂರಾರು ವರ್ಷಗಳಿಂದ ಹೇಳುತ್ತಾ ಬಂದಿರುವ ಮಾತು. ಬರಗಾಲದಲ್ಲಿ ತೆಗೆದುಕೊಂಡ ತೀರ್ಮಾನದ ಹಿಂದೆ ಹೆಚ್ಚಾಗಿ ದಣಿವು ಮತ್ತು ನಾಚಿಕೆ ಇರುತ್ತವೆ, ವಿವೇಚನೆ ಇರುವುದಿಲ್ಲ. ಆ ಮಕ್ಕಳ ಮುಂದೆ ನಿಮ್ಮ ಗಂಟಲು ಕಟ್ಟಿತು ಎಂಬುದೇ ನೀವು ಆ ವಚನವನ್ನು ಹಗುರವಾಗಿ ತೆಗೆದುಕೊಂಡಿಲ್ಲ ಎಂಬುದಕ್ಕೆ ಸಾಕ್ಷಿ. ದೇವರ ಮಾತನ್ನು ಅಷ್ಟು ಭಾರವಾಗಿ ಎಣಿಸುವ ಉಪಾಧ್ಯಾಯಿನಿ ಮಕ್ಕಳಿಗೆ ಬೇಕು.

ಈಗ ಆ ವಚನಕ್ಕೆ ಬರೋಣ. ಬಾಯಿಪಾಠಕ್ಕೆಂದು ಒಂದು ವಚನವನ್ನು ಮಾತ್ರ ಬಿಡಿಸಿ ತೆಗೆದಾಗ, ಅದನ್ನು ಹೇಳಿದವನು ಎಂಥ ದಾರಿ ನಡೆದು ಅಲ್ಲಿಗೆ ಬಂದ ಎಂಬುದು ಮರೆಯಾಗುತ್ತದೆ. ದಯವಿಟ್ಟು ಆ ಕೀರ್ತನೆಯನ್ನು ಮೊದಲಿನಿಂದ, ನಿಧಾನವಾಗಿ ಓದಿ. ಅದು ಆಸಾಫನ ಹೆಸರಿನಲ್ಲಿದೆ. ಅರಸನಾದ ದಾವೀದನು ದೇವರ ಒಡಂಬಡಿಕೆಯ ಮಂಜೂಷದ ಮುಂದೆ ಸ್ತುತಿಗೀತೆಗಳಿಗಾಗಿ ನೇಮಿಸಿದ, ದೇವಸೇವೆಯ ಕುಲದವರಾದ ಲೇವಿಯರಲ್ಲಿ ಮುಖ್ಯನಾಗಿದ್ದವನು ಅವನು. ಅಂದರೆ ಆರಾಧನೆಯನ್ನು ನಡೆಸುವುದೇ ಅವನ ಸೇವೆ. ಅಂಥವನು ಮೂರನೆಯ ವಚನದಲ್ಲೇ, ದುಷ್ಟರ ಸಮೃದ್ಧಿಯನ್ನು ಕಂಡು ಹೊಟ್ಟೆಕಿಚ್ಚುಪಟ್ಟೆನೆಂದು ಒಪ್ಪಿಕೊಳ್ಳುತ್ತಾನೆ. ಮುಂದಿನ ವಚನಗಳಲ್ಲಿ ಅವರ ಪುಷ್ಟವಾದ ಮೈಯನ್ನು, ಅವರ ನಿಶ್ಚಿಂತೆಯನ್ನು, ಬೆಳೆಯುತ್ತಲೇ ಇರುವ ಅವರ ಆಸ್ತಿಯನ್ನು ಕಣ್ಣು ಕೀಳದೆ ನೋಡುತ್ತಾನೆ. ನಿಮ್ಮ ಮನಸ್ಸು ಜೊತೆಯವರ ಹೊಸ ಮನೆಯ ಸುತ್ತ ಸುತ್ತುವ ಹಾಗೆಯೇ. ಹದಿಮೂರನೆಯ ವಚನಕ್ಕೆ ಬರುವಷ್ಟರಲ್ಲಿ, ನಾನು ಹೃದಯವನ್ನು ಶುದ್ಧವಾಗಿಟ್ಟುಕೊಂಡದ್ದೆಲ್ಲ ವ್ಯರ್ಥವಾಯಿತೇ ಎಂದು ಕೇಳುತ್ತಾನೆ. ಹದಿನೇಳನೆಯ ವಚನದಲ್ಲಿ ದೇವಾಲಯಕ್ಕೆ ಹೋಗುತ್ತಾನೆ. ಆಗಲೂ ತಕ್ಷಣ ಬಯಕೆ ಹುಟ್ಟುವುದಿಲ್ಲ, ಮೊದಲು ನಾಚಿಕೆಯೇ ಬರುತ್ತದೆ: ನಿನ್ನ ಮುಂದೆ ನಾನು ಪಶುವಿನಂತಿದ್ದೆ ಎನ್ನುತ್ತಾನೆ. ಅದರ ಬೆನ್ನಿಗೇ, ಇಪ್ಪತ್ತಮೂರನೆಯ ವಚನದಲ್ಲಿ, ಆದರೂ ನಾನು ನಿನ್ನ ಸಂಗಡಲೇ ಇದ್ದೇನೆ, ನೀನು ನನ್ನ ಬಲಗೈಯನ್ನು ಹಿಡಿದಿದ್ದೀ ಎಂದು ಹೇಳುತ್ತಾನೆ. ನೀವು ಮಕ್ಕಳಿಗೆ ಕಲಿಸಿದ ಮಾತು ಬರುವುದು ಇಷ್ಟೆಲ್ಲ ಆದ ಮೇಲೆ.

ನೀವು ವಿಶ್ವಾಸಿಯೇ ಎಂಬ ಪ್ರಶ್ನೆಗೆ ಆಸಾಫನ ಈ ಕ್ರಮದಲ್ಲೇ ಉತ್ತರವಿದೆ ಎಂದು ನನಗೆ ತೋರುತ್ತದೆ. ಅವನು ದೇವರನ್ನು ಬಯಸತೊಡಗಿದ್ದರಿಂದ ದೇವರು ಅವನ ಕೈ ಹಿಡಿಯಲಿಲ್ಲ. ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಿದ್ದಾಗಲೂ ಹಿಡಿದೇ ಇದ್ದನು, ಅದನ್ನು ಕಂಡುಕೊಂಡ ಮೇಲೆ ಇವನಲ್ಲಿ ಬಯಕೆ ಹುಟ್ಟಿತು. ನಮ್ಮ ರಕ್ಷಣೆ ನಿಂತಿರುವುದು ಕ್ರಿಸ್ತನು ನಮಗಾಗಿ ಮಾಡಿದ್ದರ ಮೇಲೆ. ಆ ದಿನ ನಮ್ಮೊಳಗಿನ ಹಂಬಲ ಎಷ್ಟು ತೀವ್ರವಾಗಿತ್ತು ಎಂಬುದರ ಮೇಲೆ ನಿಂತಿದ್ದರೆ ನಮ್ಮಲ್ಲಿ ಒಬ್ಬರಿಗೂ ಒಂದು ವಾರದ ನೆಮ್ಮದಿ ಇರುತ್ತಿರಲಿಲ್ಲ. ಆದ್ದರಿಂದ ಪ್ರತಿ ರಾತ್ರಿ ನಿಮ್ಮ ಭಾವನೆಯನ್ನು ತೂಗಿ ನೋಡಿ ವಿಶ್ವಾಸಿ ಹೌದೋ ಅಲ್ಲವೋ ಎಂದು ತೀರ್ಪು ಕೊಟ್ಟುಕೊಳ್ಳುವುದನ್ನು ಬಿಡಿ. ಬಯಕೆ ಇಲ್ಲವೆಂದು ಸಂಕಟಪಡುವುದನ್ನು ಮಾತ್ರ ಬಿಡಬೇಡಿ. ಆ ಸಂಕಟವನ್ನೇ ಪ್ರಾರ್ಥನೆಯಾಗಿ ಹೇಳಬಹುದು.

ಅರೆಮನಸ್ಸಿನ ಪ್ರಾರ್ಥನೆಯನ್ನು ದೇವರು ಕೇಳುವನೇ ಎಂದು ನಿಮಗೆ ಅನಿಸಬಹುದು. 354ರಲ್ಲಿ ಉತ್ತರ ಆಫ್ರಿಕದ ತಗಸ್ತೆ ಎಂಬ ಊರಿನಲ್ಲಿ ಹುಟ್ಟಿದ ಅಗಸ್ಟೀನನು, ತಾನು ಹರೆಯದಲ್ಲಿ ಮಾಡಿದ ಪ್ರಾರ್ಥನೆಯನ್ನು ಮುಂದೆ ಬಿಷಪ್ ಆದ ಮೇಲೆ ಯಾವ ಮುಚ್ಚುಮರೆಯೂ ಇಲ್ಲದೆ ಬರೆದಿಟ್ಟಿದ್ದಾನೆ: ನನಗೆ ಶುದ್ಧ ಜೀವನವನ್ನು ಕೊಡು, ಆದರೆ ಈಗಲೇ ಬೇಡ. ತನ್ನ ಪ್ರಾರ್ಥನೆ ಎಲ್ಲಿ ಬೇಗ ಕೈಗೂಡಿಬಿಡುವುದೋ ಎಂದು ಅವನಿಗೆ ಭಯವಿತ್ತು. 386ರಲ್ಲಿ ಮಿಲಾನಿನ ಒಂದು ತೋಟದಲ್ಲಿ ಅವನ ಹೋರಾಟ ತುದಿ ಮುಟ್ಟಿದಾಗಲೂ, ಹಳೆಯ ಸುಖಗಳು ಹಿಂದಿನಿಂದ ಅವನ ಬಟ್ಟೆಯನ್ನು ಜಗ್ಗಿ, ನಮ್ಮನ್ನು ಕಳಿಸಿಬಿಡುತ್ತೀಯಾ ಎಂದು ಪಿಸುಗುಟ್ಟಿದಂತೆ ಅವನಿಗೆ ಅನಿಸಿತ್ತು. ಮರುವರ್ಷ ಈಸ್ಟರ್ ಹೊತ್ತಿಗೆ ಅವನು ಬಿಷಪ್ ಅಂಬ್ರೋಸನ ಕೈಯಿಂದ ದೀಕ್ಷಾಸ್ನಾನ ಪಡೆದನು. ನಾನು ನಿಮ್ಮ ಗಮನಕ್ಕೆ ತರಬೇಕೆಂದಿರುವುದು ಆ ಬದಲಾವಣೆಯನ್ನು ಅವನು ವಿವರಿಸಿದ ರೀತಿಯನ್ನು. ಕಳೆದುಕೊಳ್ಳಲು ಹೆದರುತ್ತಿದ್ದ ಸುಖಗಳನ್ನು ಬಿಡುವುದೇ ಸಂತೋಷವಾಯಿತು, ಏಕೆಂದರೆ ದೇವರು ಅವುಗಳನ್ನು ಹೊರಹಾಕಿ, ಎಲ್ಲ ಸುಖಕ್ಕಿಂತ ಸವಿಯಾದ ತಾನೇ ಅವುಗಳ ಜಾಗಕ್ಕೆ ಬಂದನು ಎನ್ನುತ್ತಾನೆ. ಯೇಸು ಸ್ವಾಮಿ ಹೇಳಿದ ಸಾಮ್ಯದಲ್ಲಿ, ಹೊಲದಲ್ಲಿ ಹೂಳಿಟ್ಟ ನಿಧಿಯನ್ನು ಕಂಡ ಮನುಷ್ಯನು ತನಗಿದ್ದದ್ದನ್ನೆಲ್ಲ ಮಾರಿದ್ದೂ ಸಂತೋಷದಿಂದಲೇ. ನಿಧಿಯನ್ನು ಕಾಣದವನಿಗೆ ಇದ್ದದ್ದನ್ನೆಲ್ಲ ಮಾರು ಎಂದರೆ ಅವನು ಮಾರಲಾರ. ಹೆದರಿಕೆಗೆ ಮಾರಿದರೂ ಮನಸ್ಸು ಮಾರಿದ್ದರ ಹಿಂದೆಯೇ ಇರುತ್ತದೆ.

ಆ ಹಿರಿಯರ ಸಲಹೆಯನ್ನು ನಾನು ಪೂರ್ತಿಯಾಗಿ ಒಪ್ಪದಿರುವುದು ಈ ಕಾರಣಕ್ಕೆ. ಅವರು ನಿಮ್ಮ ಹಿತವನ್ನು ಬಯಸಿಯೇ ಹೇಳಿದ್ದಾರೆ, ಅದರಲ್ಲಿ ಸಂಶಯವಿಲ್ಲ. ಆದರೆ ಮುಟ್ಟಬೇಡ, ರುಚಿ ನೋಡಬೇಡ ಎಂಬ ಕಟ್ಟಳೆಗಳು ಜ್ಞಾನದಂತೆ ತೋರಿದರೂ ಶರೀರದ ಆಶೆಯನ್ನು ಅಡಗಿಸಲು ಕೆಲಸಕ್ಕೆ ಬಾರವೆಂದು ಪೌಲನು ಕೊಲೊಸ್ಸೆಯವರಿಗೆ ಬರೆದಿದ್ದಾನೆ. ದೇವರು ನಮ್ಮ ಅನುಭೋಗಕ್ಕಾಗಿ ಎಲ್ಲವನ್ನೂ ಹೇರಳವಾಗಿ ದಯಪಾಲಿಸುತ್ತಾನೆಂದು ತಿಮೊಥೆಗೆ ಬರೆದವನೂ ಅವನೇ. ನೀವು ಇಷ್ಟಪಡುವ ಸಂಗೀತವನ್ನು ಕೇಳಿ ಮುಗಿಸಿದಾಗ ಬಾಯಿಂದ ತಾನಾಗಿ ಕೃತಜ್ಞತೆಯ ಮಾತು ಹೊರಡುವುದಾದರೆ, ಅದನ್ನು ಬಿಟ್ಟು ನೀವು ದೇವರಿಗೆ ಹತ್ತಿರವಾಗುವುದಿಲ್ಲ; ಅವನು ಕೊಟ್ಟ ವರವನ್ನು ಹಿಂದಕ್ಕೆ ಕಳಿಸಿದಂತಾಗುತ್ತದೆ, ಅಷ್ಟೇ. 1647ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸೇರಿದ್ದ ಸಭಾಪಂಡಿತರು ವಿಶ್ವಾಸದ ಪಾಠಕ್ಕೆಂದು ರೂಪಿಸಿದ ಕಿರಿಯ ಪ್ರಶ್ನೋತ್ತರಿಯ ಮೊದಲ ಉತ್ತರ, ದೇವರನ್ನು ಮಹಿಮೆಪಡಿಸುವುದು ಮತ್ತು ಆತನಲ್ಲಿ ನಿತ್ಯವೂ ಆನಂದಿಸುವುದು ಮನುಷ್ಯನ ಮುಖ್ಯ ಗುರಿ ಎಂದು ಹೇಳುತ್ತದೆ. ಶಿಸ್ತಿಗೆ ಹೆಸರಾದ ಆ ಜನರು ಆನಂದವನ್ನು ಮೊದಲ ಸಾಲಿನಲ್ಲೇ ಇಟ್ಟರು. ಯೋಹಾನನು ಶರೀರದಾಶೆ, ಕಣ್ಣಿನಾಶೆ, ಬದುಕುಬಾಳಿನ ಡಂಬಗಳ ಬಗ್ಗೆ ಎಚ್ಚರಿಸುವಾಗಲೂ, ಲೋಕವೂ ಅದರ ಆಶೆಯೂ ಗತಿಸಿಹೋಗುತ್ತವೆ ಎಂಬುದನ್ನು ಕಾರಣವಾಗಿ ಕೊಡುತ್ತಾನೆ. ನಮ್ಮನ್ನು ಉಪವಾಸ ಕೆಡವುವುದು ಅವನ ಉದ್ದೇಶವಲ್ಲ; ಉಳಿಯದಿರುವುದರಲ್ಲಿ ನಮ್ಮ ಹಸಿವು ಕರಗಿಹೋಗಬಾರದೆಂಬುದು ಅವನ ಕಳಕಳಿ.

ಹಾಗಾದರೆ ರಾತ್ರಿಯ ಮೊಬೈಲ್? ಅದನ್ನು ನಾನು ಸಂಗೀತದ ಸಾಲಿಗೆ ಸೇರಿಸಲಾರೆ, ಮತ್ತು ಸೇರಿಸಬಾರದೆಂದು ನಿಮ್ಮ ಪತ್ರವೇ ಹೇಳುತ್ತಿದೆ. ಇಲ್ಲಿ ಕಥೋಲಿಕ ಸಂತ ಲೊಯೋಲದ ಇಗ್ನೇಷಿಯಸನ ಅನುಭವ ನಿಮಗೆ ನೆರವಾಗಬಹುದು, ನಿಮ್ಮದು ಯಾವ ಸಭೆಯಾದರೂ ಸರಿಯೆ. 1521ರಲ್ಲಿ ಸ್ಪೇನಿನ ಪಂಪ್ಲೋನದ ಕೋಟೆಯಲ್ಲಿ ಫಿರಂಗಿ ಗುಂಡು ತಗಲಿ ಅವನ ಕಾಲು ಮುರಿಯಿತು, ತಿಂಗಳುಗಟ್ಟಲೆ ಮನೆಯಲ್ಲಿ ಮಲಗಬೇಕಾಯಿತು. ಹೊತ್ತು ಕಳೆಯಲು ಅವನು ವೀರಯೋಧರ ಸಾಹಸದ ಕಥೆಪುಸ್ತಕಗಳು ಬೇಕೆಂದು ಕೇಳಿದ. ಆ ಮನೆಯಲ್ಲಿ ಅವು ಸಿಗಲಿಲ್ಲ, ಕ್ರಿಸ್ತನ ಜೀವನ ಚರಿತ್ರೆಯೂ ಸಂತರ ಚರಿತ್ರೆಗಳೂ ಸಿಕ್ಕವು. ಒಮ್ಮೆ ತಾನು ಮೆಚ್ಚಿದ ಹೆಂಗಸಿಗಾಗಿ ಮಾಡಬಹುದಾದ ಸಾಹಸಗಳನ್ನು ಗಂಟೆಗಟ್ಟಲೆ ಕಲ್ಪಿಸಿಕೊಳ್ಳುತ್ತಿದ್ದ, ಇನ್ನೊಮ್ಮೆ ಸಂತರಂತೆ ದೇವರ ಸೇವೆ ಮಾಡುವುದನ್ನು ಕಲ್ಪಿಸಿಕೊಳ್ಳುತ್ತಿದ್ದ. ಎರಡೂ ಆ ಹೊತ್ತಿಗೆ ಖುಷಿ ಕೊಡುತ್ತಿದ್ದವು. ಮುಗಿದ ಮೇಲೆ ಮೊದಲನೆಯದು ಅವನನ್ನು ಒಣಗಿಸಿ, ಅಸಮಾಧಾನದಲ್ಲಿ ಬಿಟ್ಟುಹೋಗುತ್ತಿತ್ತು. ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಒಂದು ದಿನ ಆ ವ್ಯತ್ಯಾಸ ಅವನ ಗಮನಕ್ಕೆ ಬಂತು, ಅವನ ಬದುಕು ತಿರುಗಿದ್ದು ಅಲ್ಲಿಂದ.

ನೀವೂ ಕೆಲವು ದಿನ ಇಷ್ಟೇ ಮಾಡಿ. ಒಂದು ಕಂತು ಮುಗಿದು, ಮುಂದಿನದು ತಾನಾಗಿ ಶುರುವಾಗುವ ಮೊದಲು ಪರದೆಯ ಮೇಲೆ ಕೆಲವು ಸೆಕೆಂಡುಗಳ ಎಣಿಕೆ ಬರುತ್ತದಲ್ಲ, ಆಗ ಅದನ್ನು ತಡೆದು, ಮೊಬೈಲನ್ನು ಮಗುಚಿಟ್ಟು, ನಿಮ್ಮನ್ನೇ ಕೇಳಿಕೊಳ್ಳಿ: ಈಗ ನನಗೆ ತೃಪ್ತಿಯಾಗಿದೆಯೇ? ನಾನು ಮುಂದಿನದನ್ನು ನೋಡಹೊರಟಿರುವುದು ಕಥೆ ಹಿಡಿಸಿದ್ದರಿಂದಲೋ, ದಿನದ ದುಡಿತ ಮುಗಿದ ಮೇಲೆ ನನ್ನದೆಂಬ ಹೊತ್ತು ಇದೊಂದೇ ಎಂಬ ಸಂಕಟಕ್ಕೋ, ಮೌನಕ್ಕೆ ಹೆದರಿಯೋ? ಉತ್ತರ ಯಾವುದೇ ಬಂದರೂ ನಿಮ್ಮನ್ನು ಬೈದುಕೊಳ್ಳದೆ, ಅದನ್ನೇ ಒಂದು ವಾಕ್ಯದಲ್ಲಿ ದೇವರಿಗೆ ಹೇಳಿ. ಜೀವಜಲದ ಬುಗ್ಗೆಯನ್ನು ಬಿಟ್ಟು, ನೀರು ನಿಲ್ಲದ ಬಿರುಕು ತೊಟ್ಟಿಗಳನ್ನು ತೋಡಿಕೊಂಡರೆಂದು ಯೆರೆಮೀಯನ ಮೂಲಕ ದೇವರು ತನ್ನ ಜನರ ಮೇಲೆ ಹೊರಿಸಿದ ಆಪಾದನೆ ನಿಮಗೆ ಗೊತ್ತಿದೆ. ಅಲ್ಲಿ ಬಾಯಾರಿಕೆಯನ್ನು ಅವನು ತಪ್ಪೆಂದು ಹೇಳಲಿಲ್ಲ. ತೊಟ್ಟಿ ಸೋರುತ್ತಿರುವುದನ್ನು ನೀವೇ ಕಣ್ಣಾರೆ ಕಂಡ ಮೇಲೆ ಅದನ್ನು ಬಿಡುವುದು ಬೇರೆಯವರ ಅಪ್ಪಣೆಯಾಗಿ ಉಳಿಯುವುದಿಲ್ಲ. ಜೊತೆಗೆ ಒಂದು ಸರಳ ಕಟ್ಟುಪಾಡೂ ಇರಲಿ: ಮಲಗುವ ಕೋಣೆಗೆ ಮೊಬೈಲ್ ಬೇಡ, ಹನ್ನೊಂದರ ನಂತರ ನೋಡುವುದು ಬೇಡ. ನಿದ್ದೆಗೆಟ್ಟ ದೇಹ ಪ್ರಾರ್ಥನೆಗೆ ಕುಳಿತಾಗ ಆಕಳಿಸಿದರೆ ಅದನ್ನು ಭಕ್ತಿಯ ಕೊರತೆ ಎನ್ನುವುದು ಅನ್ಯಾಯ.

ಬಡ್ತಿ ಮತ್ತು ಮನೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವುಗಳನ್ನು ಬಯಸುವುದು ಪಾಪವಲ್ಲ, ಅವುಗಳಿಲ್ಲದೆ ನನ್ನ ಬಾಳು ಬಾಳಲ್ಲ ಎಂದುಕೊಂಡಾಗ ಅವು ದೇವರ ಸ್ಥಾನಕ್ಕೆ ಏರುತ್ತವೆ. ಬೇಕಾದದ್ದನ್ನು ದೇವರಲ್ಲಿ ನೇರವಾಗಿ ಕೇಳಿ, ಜೊತೆಯವರಿಗೆ ಸಿಕ್ಕಿದ್ದಕ್ಕಾಗಿ ಅವರ ಹೆಸರು ಹೇಳಿ ಸ್ತೋತ್ರ ಮಾಡಿ. ಮೊದಲ ಸಲ ಅದು ಒತ್ತಾಯದ ಮಾತಾಗಿಯೇ ಇರುತ್ತದೆ. ಆದರೂ ಹೇಳಿ.

ಪ್ರಾರ್ಥನೆಯ ವಿಷಯದಲ್ಲಿ, ಉದ್ದವನ್ನು ಕಡಿಮೆ ಮಾಡಿ, ಹೊತ್ತನ್ನು ಬದಲಾಯಿಸಿ. ಬೆಳಿಗ್ಗೆ ಮನೆಯ ಗದ್ದಲ ಶುರುವಾಗುವ ಮೊದಲು ಹತ್ತು ನಿಮಿಷ ಸಾಕು. ನಿಮ್ಮದೇ ಮಾತು ಹುಟ್ಟದಿದ್ದರೆ 63ನೆಯ ಅಥವಾ 42ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿ; ಒಂದನ್ನು ನೀರಿಲ್ಲದ ಅಡವಿಯಲ್ಲಿ ಇದ್ದವನು ಹಾಡಿದ್ದು, ಇನ್ನೊಂದನ್ನು ಕಣ್ಣೀರೇ ತನಗೆ ಹಗಲಿರುಳು ಆಹಾರವಾಯಿತೆಂದವನು. ಬಾಯಾರಿದ ಜಿಂಕೆ ತೊರೆಗಾಗಿ ಹಂಬಲಿಸುವಂತೆ ಎಂಬ ಮಾತು ತೊರೆಯ ದಡದಲ್ಲಿ ನಿಂತವನ ಮಾತಲ್ಲ. ಅವರ ಮಾತಿನಲ್ಲಿ ನಿಮಗೆ ನಿಜವೆನಿಸುವ ಒಂದು ಸಾಲನ್ನು ಹಿಡಿದುಕೊಳ್ಳಿ, ನಿಜವೆನಿಸದ ಸಾಲು ಬಂದಾಗ, ಕರ್ತನೇ, ಇದು ನನ್ನಲ್ಲಿ ಇನ್ನೂ ಇಲ್ಲ, ಕೊಡು ಎನ್ನಿ. ಮಕ್ಕಳಿಗೆ ವಚನ ಕಲಿಸುವಾಗಲೂ ಇದನ್ನೇ ಮಾಡಬಹುದು. ಇದು ದೇವರಲ್ಲಿ ನಾವು ಬೇಡಿಕೊಳ್ಳುವ ಮಾತು, ನಾನೂ ಬೇಡಿಕೊಳ್ಳುತ್ತಿದ್ದೇನೆ ಎಂದು ಅವರಿಗೆ ಹೇಳಿದರೆ ಸುಳ್ಳು ಹೇಳಿದ ಭಾರ ನಿಮಗಿರುವುದಿಲ್ಲ, ಮಕ್ಕಳೂ ಪ್ರಾರ್ಥನೆ ಎಂದರೇನೆಂದು ಕಲಿಯುತ್ತಾರೆ.

ಇಷ್ಟಾದರೂ ಬಯಕೆ ವಾರದೊಳಗೆ ಮರಳಿ ಬರುತ್ತದೆ ಎಂದು ನಾನು ಮಾತು ಕೊಡಲಾರೆ. ಅದು ವರವಾಗಿ ಬರುವಂಥದ್ದು, ನಮ್ಮ ಪ್ರಯತ್ನದ ಕೂಲಿಯಾಗಿ ಬರುವುದಿಲ್ಲ. ದೇವರನ್ನು ಗಾಢವಾಗಿ ಪ್ರೀತಿಸಿದ ಎಷ್ಟೋ ಜನ ದೀರ್ಘಕಾಲ ಒಣ ನೆಲದಲ್ಲಿ ನಡೆದಿದ್ದಾರೆ. ಆದರೆ ನಡೆಯುವಾಗ ಒಬ್ಬರೇ ನಡೆಯಬೇಡಿ. ಸಭೆಯಲ್ಲಿ ನಿಮಗಿಂತ ಹಿರಿಯಳಾದ, ಕೇಳಿದ್ದನ್ನು ಆಡಿಕೊಳ್ಳದ ಒಬ್ಬ ಸಹೋದರಿಗೆ ನನಗೆ ಬರೆದದ್ದನ್ನೇ ಹೇಳಿ, ತಿಂಗಳಿಗೊಮ್ಮೆಯಾದರೂ ಇಬ್ಬರೂ ಕುಳಿತು ಪ್ರಾರ್ಥಿಸಿ. ಇನ್ನೊಂದನ್ನು ನಿಮ್ಮ ಪತ್ರದಿಂದ ನಾನು ತಿಳಿಯಲಾರೆ, ನೀವೇ ನೋಡಿಕೊಳ್ಳಬೇಕು: ದೇವರ ವಿಷಯದಲ್ಲಿ ಮಾತ್ರ ಮನಸ್ಸು ಬರಡಾಗಿದೆಯೋ, ಊಟ, ಮಕ್ಕಳ ನಗು, ನಿಮ್ಮ ಪ್ರೀತಿಯ ಸಂಗೀತ ಯಾವುದೂ ರುಚಿಸದಂತಾಗಿದೆಯೋ? ಎಲ್ಲವೂ ಸಪ್ಪೆಯಾಗಿ ವಾರಗಳು ಕಳೆದಿದ್ದರೆ, ಅದು ಖಿನ್ನತೆಯೂ ಆಗಿರಬಹುದು. ಆಗ ವೈದ್ಯರನ್ನು ಕಾಣಲು ತಡಮಾಡಬೇಡಿ, ಅದನ್ನು ಅವಿಶ್ವಾಸವೆಂದೂ ತಿಳಿಯಬೇಡಿ.