ಚಳಿಗಾಲಕ್ಕೆ ತಾರಸಿ ಮೇಲಿನ ತುಳಸಿ, ದೊಡ್ಡಪತ್ರೆ ಕುಂಡಗಳಿಗೆ ಪ್ಲಾಸ್ಟಿಕ್ ಹೊದಿಸಬೇಕಾ?

ಬೇಡ. ದಾವಣಗೆರೆಯಲ್ಲಿ ಪ್ರತಿ ಡಿಸೆಂಬರ್‌ಗೂ ತುಳಸಿ ಕಡ್ಡಿಯಾಗುತ್ತೆ, ಬೋರ್‌ವೆಲ್ ನೀರೇ ಹಾಕೋದು ಅಂದಿದ್ದೀರಿ. ಹೊದಿಕೆ ಹಿಮ ಬೀಳೋ ಊರಿನವರ ಉಪಾಯ. ನಮ್ಮ ಕಡೆ ಗಿಡ ಕೆಡಿಸೋದು ಚಳಿಗಿಂತ ಹೆಚ್ಚಾಗಿ ಒಣಗಾಳಿ, ಜೊತೆಗೆ ಹೊತ್ತಲ್ಲದ ಹೊತ್ತಲ್ಲಿ ಹಾಕೋ ನೀರು. ಪ್ಲಾಸ್ಟಿಕ್ ಒಳಗೆ ಗಿಡ ಮಧ್ಯಾಹ್ನ ಬೇಯುತ್ತೆ, ರಾತ್ರಿ ಬೆವರಿ ಎಲೆಗೆ ಬೂಸ್ಟು ಹಿಡಿಯುತ್ತೆ.

ಮೊದಲು ತುಳಸಿ. ಮಳೆಗಾಲ ಮುಗಿಯೋ ಹೊತ್ತಿಗೆ ತೆನೆ ಬಿಟ್ಟು ಬೀಜ ಕಟ್ಟುತ್ತೆ, ಗಿಡದ ಸತ್ವವೆಲ್ಲ ಅದಕ್ಕೇ ಹೋಗುತ್ತೆ. ತುಳಸಿ ಹಬ್ಬಕ್ಕೆ ತೆನೆ ಇದ್ದರೆ ಚೆಂದ, ಇರಲಿ. ಹಬ್ಬದ ಮಾರನೇ ದಿನವೇ ಪ್ರತಿ ತೆನೆಯನ್ನೂ ಅದರ ಕೆಳಗಿನ ಜೋಡಿ ಎಲೆ ಸಮೇತ ಚಿವುಟಿ. ಗಿಡದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ, ಎಲೆಯೇ ಉಳಿಯದ ಹಳೇ ಕಡ್ಡಿ ಈ ಕಾಲದಲ್ಲಿ ಚಿಗುರೋದು ಕಷ್ಟ. ಕಂದು ತಿರುಗಿದ ನಾಲ್ಕೈದು ತೆನೆ ಪೇಪರ್ ಕವರ್‌ನಲ್ಲಿ ಎತ್ತಿಡಿ, ಶಿವರಾತ್ರಿ ಕಳೆದ ಮೇಲೆ ಬಿತ್ತೋಕೆ. ಗಿಡಕ್ಕೆ ಮೂರು ವರ್ಷ ದಾಟಿದ್ದರೆ ಅದು ವಯಸ್ಸಾಗಿ ಹೋಗ್ತಿರಬಹುದು, ನಿಮ್ಮ ತಪ್ಪೇನಿಲ್ಲ.

ನೀರು ಬೆಳಗ್ಗೆ ಬಿಸಿಲು ಬಿದ್ದ ಮೇಲೆ, ಎಂಟೂವರೆ ಸುಮಾರಿಗೆ, ಬುಡಕ್ಕೆ ಮಾತ್ರ. ಬೆರಳು ಒಂದು ಇಂಚು ಮಣ್ಣಿಗಿಳಿಸಿ, ತೇವ ತಾಗಿದರೆ ಅವತ್ತು ಬೇಡ. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿದೆಯಾ ನೋಡಿ, ಅದು ಬೋರ್ ನೀರಿನ ಉಪ್ಪು. ತಿಂಗಳಿಗೊಮ್ಮೆ ತಳದ ತೂತಿನಿಂದ ಧಾರಾಳ ಹರಿಯೋವಷ್ಟು ನೀರು ಹಾಕಿ ತೊಳೆಯಿರಿ, ಕುಂಡವನ್ನು ಇಟ್ಟಿಗೆ ಮೇಲಿಡಿ. ಮಂಡಕ್ಕಿ ಭಟ್ಟಿ ಬೂದಿ ಪುಕ್ಕಟೆ ಸಿಗುತ್ತೆ ಅಂತ ತಂದು ಸುರಿಯೋರಿದ್ದಾರೆ. ಬೋರ್ ನೀರಿಗೆ ಅದು ಬೇಡವೇ ಬೇಡ, ಮಣ್ಣು ಇನ್ನೂ ಕ್ಷಾರವಾಗಿ ಎಲೆ ಹಳದಿಯಾಗುತ್ತೆ. ಅದರ ಬದಲು ರೈಸ್ ಮಿಲ್‌ನ ಭತ್ತದ ಹೊಟ್ಟು ತನ್ನಿ, ನೆನೆಸಿ ಒಂದು ಇಂಚು ಹರಡಿ. ಒಣ ಹೊಟ್ಟು ಹಾಕಿದರೆ ಸಂಜೆಗೆ ಪಕ್ಕದ ಮನೆ ತಾರಸಿಯಲ್ಲಿರುತ್ತೆ. ಕಾಂಡದಿಂದ ಎರಡು ಬೆರಳು ಜಾಗ ಬಿಡಿ.

ದೊಡ್ಡಪತ್ರೆಗೆ ಇದಕ್ಕಿಂತಲೂ ಕಡಿಮೆ ನೀರು ಸಾಕು, ಅದರ ದಪ್ಪ ಎಲೆಯಲ್ಲೇ ನೀರಿರುತ್ತೆ. ಬುಡ ಕಪ್ಪಾಗಿ ಮೆತ್ತಗಾದರೆ ಕೊಳೆ ಅಂತ ಅರ್ಥ. ಮೇಲಿನ ಗಟ್ಟಿ ತುದಿ ನಾಲ್ಕು ಬೆರಳುದ್ದ ಮುರಿದು, ಒಂದು ದಿನ ನೆರಳಲ್ಲಿ ಬಾಡಿಸಿ, ಅರ್ಧ ಮರಳು ಅರ್ಧ ಕೆಮ್ಮಣ್ಣಿಗೆ ನೆಡಿ. ಬರೀ ಎರೆಮಣ್ಣು ಕುಂಡಕ್ಕೆ ಬೇಡ, ನೀರು ಬಸಿಯಲ್ಲ. ಪುದೀನ ಎರಡು ಇಂಚು ಉಳಿಸಿ ಕತ್ತರಿಸಿ.

ಹಿಟ್ಟು ತಿಗಣೆ (ಹತ್ತಿಯಂತೆ ಅಂಟಿಕೊಳ್ಳೋ ಬಿಳಿ ಹುಳ) ಬಂದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಕದಡಿ ಸಂಜೆ ಸಿಂಪಡಿಸಿ. ಸೋಪು ಇಲ್ಲದಿದ್ದರೆ ಎಣ್ಣೆ ಮೇಲೆ ತೇಲಿ, ಕೊನೇ ಹನಿಗಳೇ ಎಲೆ ಸುಡುತ್ತವೆ. ಕರಿಬೇವು ಜನವರಿಯಲ್ಲಿ ಎಲೆ ಉದುರಿಸಿದರೆ ಗಾಬರಿಯಾಗಿ ಗೊಬ್ಬರ ಹಾಕಬೇಡಿ, ಬಿಸಿಲು ಏರಿದಂತೆ ತಾನೇ ಚಿಗುರುತ್ತೆ.